ಬಿಲ್ಲು ಹಿಡಿಯಲು ಲಕ್ಷ ಬೇಕೆಂಬ ಸುಳ್ಳು

ಮಗಳಿಗೆ ಬಿಲ್ಲುಗಾರಿಕೆ ಕಲಿಯುವ ಆಸೆಯಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸುತ್ತಲಿನವರ ಮೊದಲ ಮಾತು ದುಡ್ಡಿನದು. ಅದು ಲಕ್ಷಗಟ್ಟಲೆ ಬೇಡುವ ಆಟ, ನಮ್ಮಂಥವರಿಗಲ್ಲ ಎನ್ನುತ್ತಾರೆ. ನೆಂಟರು ಇದನ್ನು ಹೇಳುತ್ತಾರೆ, ಶಾಲೆಯ ದೈಹಿಕ ಶಿಕ್ಷಕರು ಹೇಳುತ್ತಾರೆ, ಪದಕ ಗೆದ್ದವರ ಬಗ್ಗೆ ಬರೆಯುವ ಪತ್ರಿಕೆಗಳು ಅವರ ಬಿಲ್ಲಿನ ಬೆಲೆಯನ್ನು ಮರೆಯದೆ ಅಚ್ಚು ಹಾಕುತ್ತವೆ. ಇಷ್ಟು ಜನ ಒಂದೇ ಮಾತು ಹೇಳುವಾಗ ಅದನ್ನು ಒರೆಗೆ ಹಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಬಾಣ ಬಿಡುವವರ ಕೈಯಲ್ಲಿರುವ ಬಿಲ್ಲಿಗೆ, ಅದರ ಸಾಮಾನು ಸರಂಜಾಮಿಗೆ ಎರಡು ಮೂರು ಲಕ್ಷ ಬೀಳುವುದು ನಿಜ. ಇವತ್ತು ಮೊದಲ ಸಲ ಹೆದೆ ಎಳೆಯುವ ಹನ್ನೆರಡು ವರ್ಷದ ಹುಡುಗಿಗೂ ಅದೇ ಬೇಕು ಎಂಬುದು ಶುದ್ಧ ಸುಳ್ಳು. ತೆಂಗಿನ ಮಟ್ಟೆಯನ್ನು ಬ್ಯಾಟ್ ಮಾಡಿಕೊಂಡು ಬೀದಿಯಲ್ಲಿ ಆಡುವ ಹುಡುಗನನ್ನು ತಡೆದು ‘ಮೊದಲು ಇಂಗ್ಲಿಷ್ ವಿಲೋ ಬ್ಯಾಟ್ ತಗೊಂಡು ಬಾ’ ಎಂದು ಈ ನಾಡಿನಲ್ಲಿ ಯಾರೂ ಹೇಳುವುದಿಲ್ಲ. ಬಿಲ್ಲಿಗೆ ಮಾತ್ರ ಏಕೆ ಈ ಕಟ್ಟಳೆ? ಯಾರು ಮಾಡಿದರು ಇದನ್ನು, ಯಾರಿಗೆ ಇದರಿಂದ ಲಾಭ?

ಒಲಿಂಪಿಕ್ಸ್‌ನಂಥ ಸ್ಪರ್ಧೆಯಲ್ಲಿ ಹಿಡಿಯುವ ‘ರಿಕರ್ವ್’ ಬಿಲ್ಲಿಗೆ ಸುರಿಯುವ ಹಣ ಎಲ್ಲೆಲ್ಲಿ ಹೋಗುತ್ತದೆ ಎಂದು ಬಿಡಿಸಿ ನೋಡೋಣ. ಕೈಯಲ್ಲಿ ಹಿಡಿಯುವ ನಡುಭಾಗವಾದ ಲೋಹದ ರೈಸರ್. ಅದಕ್ಕೆ ಮೇಲೂ ಕೆಳಗೂ ಸಿಕ್ಕಿಸುವ ಕಾರ್ಬನ್ ಲಿಂಬ್‌ಗಳು. ಗುರಿ ಹೊಂದಿಸುವ ಸೈಟ್. ಬಿಲ್ಲಿನ ಅಲುಗಾಟ ತಗ್ಗಿಸುವ ಉದ್ದನೆಯ ಸ್ಟೆಬಿಲೈಸರ್. ಪ್ರತಿ ಸಲವೂ ಬಾಣವನ್ನು ಅಷ್ಟೇ ಅಳತೆಗೆ ಎಳೆದಿದ್ದೇವೆಯೇ ಎಂಬುದನ್ನು ‘ಟಿಕ್’ ಎಂಬ ಸದ್ದಿನಿಂದ ತಿಳಿಸುವ ಕ್ಲಿಕ್ಕರ್. ಇವೆಲ್ಲದರ ಮೇಲೆ, ಡಜನ್ನಿಗೆ ಹತ್ತಾರು ಸಾವಿರ ಬೀಳುವ ಕಡ್ಡಿಯಷ್ಟು ತೆಳ್ಳಗಿನ ಬಾಣಗಳು. ಈಗಾಗಲೇ ಪಳಗಿದ ಕೈಯ ಸಣ್ಣ ತಪ್ಪನ್ನು ಇನ್ನಷ್ಟು ಸಣ್ಣದು ಮಾಡುವುದು ಇವುಗಳ ಕೆಲಸ. 122 ಸೆಂಟಿಮೀಟರ್ ಅಗಲದ ಗುರಿ 70 ಮೀಟರ್ ಆಚೆ ನಿಂತಿರುತ್ತದೆ, ಅದರ ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್ ಮಾತ್ರ. ಅಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೂ ಬೆಲೆಯುಂಟು. ಕಲಿಯುವ ಹುಡುಗಿ ನಿಲ್ಲುವುದು ಹತ್ತು ಮೀಟರಿನಲ್ಲಿ. ಅವಳ ಒಂದು ಬಾಣಕ್ಕೂ ಇನ್ನೊಂದಕ್ಕೂ ಮೊಳದಷ್ಟು ಅಂತರ ಬೀಳುತ್ತಿರುತ್ತದೆ, ಏಕೆಂದರೆ ಕಾಲು ಎಲ್ಲಿಡಬೇಕು, ಭುಜ ಹೇಗಿರಬೇಕು, ಬೆರಳನ್ನು ಯಾವಾಗ ಸಡಿಲಿಸಬೇಕು ಎಂಬುದೇ ಅವಳಿಗೆ ಇನ್ನೂ ಮೈಗೂಡಿಲ್ಲ. ಕೂದಲೆಳೆಯ ತಪ್ಪನ್ನು ತಿದ್ದಲು ಹುಟ್ಟಿದ ಸಾಧನ ಮೊಳದಷ್ಟು ತಪ್ಪಿಗೆ ಏನು ಮಾಡೀತು?

ಅವಳಿಗೆ ನಿಜಕ್ಕೂ ಬೇಕಾದದ್ದು ಬಹಳ ಕಡಿಮೆ. ಮರದ ರೈಸರಿನ, ಬಿಚ್ಚಿ ಜೋಡಿಸಬಹುದಾದ ಸಾದಾ ರಿಕರ್ವ್ ಬಿಲ್ಲು ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ನಮ್ಮದೇ ಬಿದಿರಿನ ಬಿಲ್ಲು ಅದಕ್ಕಿಂತಲೂ ಅಗ್ಗ. ಅದರ ಜೊತೆಗೆ ಅರ್ಧ ಡಜನ್ ಅಲ್ಯೂಮಿನಿಯಂ ಬಾಣ, ಬೆರಳಿಗೆ ಚರ್ಮದ ಟ್ಯಾಬ್, ಮುಂಗೈಗೆ ಆರ್ಮ್ ಗಾರ್ಡ್. ಗುರಿಗೆ ಗೋಣಿಚೀಲವೇ ಸಾಕು. ಹಳೆಯ ಸೀರೆ, ಪಂಚೆ, ಹರಿದ ಬಟ್ಟೆಯನ್ನು ಚೀಲದೊಳಗೆ ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಬಾಯಿ ಹೊಲಿದು ಮಣ್ಣಿನ ದಿಬ್ಬಕ್ಕೆ ಒರಗಿಸಿದರೆ, ಹಗುರ ಬಿಲ್ಲಿನ ಬಾಣ ಅದರಲ್ಲಿ ಗೇಣುದ್ದ ಹೊಕ್ಕು ನಿಲ್ಲುತ್ತದೆ, ತುದಿ ಮುರಿಯದೆ ಕೈಗೆ ಬರುತ್ತದೆ. ಇದೇ ಬಿಲ್ಲನ್ನು ಐದಾರು ಮಕ್ಕಳು ಸರದಿಯಲ್ಲಿ ಬಳಸಿದರೆ ತಲೆಗೆ ಬೀಳುವ ಖರ್ಚು ಒಂದು ಜೊತೆ ಕ್ರೀಡಾ ಬೂಟಿನದಷ್ಟೂ ಆಗಲಾರದು. ಬಲ ಕೂಡಿಬಂದಾಗ ಇಡೀ ಬಿಲ್ಲನ್ನು ಬಿಸಾಡಬೇಕಿಲ್ಲ. ರೈಸರ್ ಹಾಗೇ ಇರುತ್ತದೆ, ಸ್ವಲ್ಪ ಬಿಗಿಯಾದ ಲಿಂಬ್ ಜೊತೆಯನ್ನು ಕೊಂಡು ಸಿಕ್ಕಿಸಿದರೆ ಆಯಿತು. ಸೈಟ್, ಸ್ಟೆಬಿಲೈಸರ್ ಇಲ್ಲದ ಬಿಲ್ಲು ಅರೆಬರೆ ಬಿಲ್ಲು ಎಂದು ಮೂಗು ಮುರಿಯುವವರಿಗೆ ಒಂದು ಮಾತು ತಿಳಿದಿರಲಿ: ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯೇ ‘ಬೇರ್‌ಬೋ’ ಎಂಬ ವಿಭಾಗ ನಡೆಸುತ್ತದೆ. ಅದರಲ್ಲಿ ಸೈಟ್ ಇಲ್ಲ, ಉದ್ದನೆಯ ಕೋಲಿಲ್ಲ. ಹೆದೆ ಇಳಿಸಿದ ಬಿಲ್ಲು 12.2 ಸೆಂಟಿಮೀಟರ್ ಬಳೆಯೊಳಗೆ ತೂರಿ ಬರಬೇಕು ಎಂಬುದೇ ಅಲ್ಲಿನ ನಿಯಮ.

ಲಕ್ಷದ ಮಾತು ಬಡವರನ್ನು ಬಾಗಿಲಲ್ಲೇ ತಡೆಯುತ್ತದೆ. ಸಾಲ ಸೋಲ ಮಾಡಿ ಒಳಗೆ ಬಂದವರಿಗೂ ಅದು ಕೆಡುಕನ್ನೇ ಮಾಡುತ್ತದೆ. ದುಬಾರಿ ಬಿಲ್ಲು ಕೊಳ್ಳುವವರು ಅದು ಹಲವು ವರ್ಷ ಬರಲಿ ಎಂದು ಮಗುವಿನ ಬಲಕ್ಕೆ ಮೀರಿದ್ದನ್ನೇ ಆರಿಸುತ್ತಾರೆ. ಬಿಲ್ಲಿನ ಬಿಗಿಯನ್ನು ಪೌಂಡ್ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಲಿಂಬ್ ಮೇಲೆ ಬರೆದ ಅಂಕಿ 28 ಇಂಚು ಎಳೆದಾಗಿನದು, ಪ್ರತಿ ಇಂಚಿಗೆ ಸುಮಾರು ಎರಡು ಪೌಂಡ್ ಹೆಚ್ಚುಕಡಿಮೆ. ಒಲಿಂಪಿಕ್ಸ್‌ನ ಗಂಡಸರು ಐವತ್ತು ಪೌಂಡಿನ ಆಸುಪಾಸು ಎಳೆಯುತ್ತಾರೆ, ಅದೂ ವರ್ಷಗಟ್ಟಲೆ ಸಾಧನೆಯ ನಂತರ. ಹೊಸಬರಾದ ದೊಡ್ಡವರಿಗೇ ಇಪ್ಪತ್ತರ ಆಚೀಚೆ ಸಾಕು, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಹದಿಮೂರರ ಹುಡುಗನ ಕೈಗೆ ಮೂವತ್ತು ಪೌಂಡಿನ ಬಿಲ್ಲು ಕೊಟ್ಟು ನೋಡಿ. ಬಿಲ್ಲು ಹಿಡಿದ ಕಡೆಯ ಭುಜ ಕಿವಿಯತ್ತ ಏರುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಹೆದೆ ಗಲ್ಲ ಮುಟ್ಟುವ ಮೊದಲೇ ಬೆರಳು ನಡುಗಿ ಬಿಟ್ಟುಕೊಡುತ್ತದೆ. ಮೊಣಕೈ ಒಳಕ್ಕೆ ತಿರುಗಿದ್ದರಿಂದ ಹೆದೆ ಚಟ್ಟೆಂದು ಮುಂಗೈಯ ಒಳಭಾಗಕ್ಕೆ ಬಡಿದು ಉದ್ದಕ್ಕೂ ಕೆಂಪು ಬರೆ ಎದ್ದು, ಸಂಜೆಯ ಹೊತ್ತಿಗೆ ನೀಲಿಗಟ್ಟುತ್ತದೆ. ಮರುದಿನ ಆ ಹುಡುಗ ಗುರಿಯನ್ನು ನೋಡುವುದಿಲ್ಲ, ತನ್ನ ಕೈಯನ್ನೇ ನೋಡುತ್ತಾನೆ. ಹೆದರಿಕೆಯಿಂದ ಕಲಿತ ಈ ಕುಗ್ಗಾಟ ಹೋಗಲು ತಿಂಗಳುಗಳು ಬೇಕು, ಕೆಲವರಲ್ಲಿ ಹೋಗುವುದೇ ಇಲ್ಲ. ಬೆಳೆಯುವ ಮಗುವಿನ ಕೈಯಳತೆ ವರ್ಷ ವರ್ಷಕ್ಕೂ ಬದಲಾಗುವುದರಿಂದ ಇವತ್ತಿನ ಬಾಣ ಬರುವ ವರ್ಷಕ್ಕೆ ಗಿಡ್ಡವಾಗುತ್ತದೆ. ಗಿಡ್ಡ ಬಾಣ ಎಳೆತದಲ್ಲಿ ಬಿಲ್ಲಿನ ಒಳಕ್ಕೆ ಜಾರಿ ಕೈಗೇ ಚುಚ್ಚುವ ಅಪಾಯವುಂಟು. ಹೀಗಿರುವಾಗ ಮಗುವಿಗೆ ಮೊದಲ ದಿನವೇ ‘ಪೂರ್ತಿ ಸೆಟ್’ ಕೊಡಿಸಿ ಎಂದು ತಂದೆತಾಯಿಗೆ ಹೇಳುವ ತರಬೇತುದಾರ ಯಾವ ವಿದ್ಯೆ ಕಲಿಸುತ್ತಿದ್ದಾನೆ? ಆ ಸಲಹೆಯಿಂದ ಅಂಗಡಿ ಬೆಳೆಯುತ್ತದೆ, ಬಿಲ್ಲುಗಾರ ಬೆಳೆಯುವುದಿಲ್ಲ.

ನಮ್ಮ ದೇಶದ ಬಿಲ್ಲುಗಾರಿಕೆಯ ಚರಿತ್ರೆಯೇ ಈ ಸುಳ್ಳಿಗೆ ವಿರುದ್ಧ ಸಾಕ್ಷಿ. ಭಾರತ ಒಲಿಂಪಿಕ್ಸ್ ಬಿಲ್ಲುಗಾರಿಕೆಗೆ ಮೊದಲು ಕಾಲಿಟ್ಟಿದ್ದು 1988ರ ಸೋಲ್‌ನಲ್ಲಿ. ಆ ತಂಡದ ಲಿಂಬಾ ರಾಮ್ ರಾಜಸ್ಥಾನದ ಉದಯಪುರ ಸೀಮೆಯ ಬುಡಕಟ್ಟಿನ ಹುಡುಗ, ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದವರು. ಕ್ರೀಡಾ ಪ್ರಾಧಿಕಾರದ ಆಯ್ಕೆಗಾರರ ಕಣ್ಣಿಗೆ ಅವರು ಬಿದ್ದದ್ದು 1987ರಲ್ಲಿ. 1992ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 30 ಮೀಟರ್ ವಿಭಾಗದಲ್ಲಿ 360ಕ್ಕೆ 358 ಅಂಕ ಗಳಿಸಿ ಅವರು ವಿಶ್ವದಾಖಲೆಯನ್ನು ಸರಿಗಟ್ಟಿದರು. ರಾಂಚಿಯ ಆಟೋ ಚಾಲಕರ ಮಗಳು ದೀಪಿಕಾ ಕುಮಾರಿ ಮೊದಲು ಎಳೆದದ್ದೂ ಮನೆಯಲ್ಲೇ ಕಟ್ಟಿದ ಬಿದಿರಿನ ಬಿಲ್ಲನ್ನು. 2005ರಲ್ಲಿ ಖರ್ಸಾವಾಂ‌ನ ಅಕಾಡೆಮಿ ಸೇರಿ, ಮರುವರ್ಷ ಜಮ್ಶೆಡ್‌ಪುರದ ಟಾಟಾ ಅಕಾಡೆಮಿಗೆ ಹೋದಾಗ ಸರಿಯಾದ ಸಲಕರಣೆ, ತಿಂಗಳಿಗೆ 500 ರೂಪಾಯಿ ಭತ್ಯೆ ಅವರಿಗೆ ಸಿಕ್ಕಿತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಾಗ ಅವರಿನ್ನೂ ಹದಿಹರೆಯದವರು. ‘ಪ್ರತಿಭೆಯಿದ್ದರೆ ಬಡತನ ಅಡ್ಡಿಯಲ್ಲ’ ಎಂಬ ಸಿದ್ಧ ಮಾತಿಗೆ ಈ ಕಥೆಗಳನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಬಡತನ ಅಡ್ಡಿಯೇ. ದೀಪಿಕಾಗೆ ಆ ಅಡ್ಡಿ ಸರಿದದ್ದು ಅಕಾಡೆಮಿಯೊಂದರ ಉಗ್ರಾಣದಲ್ಲಿ ಅವರ ಕೈಗೆ ಕೊಡಲು ಬಿಲ್ಲು ಇದ್ದುದರಿಂದ. ಅವರ ತಂದೆ ಬಿಲ್ಲು ಕೊಳ್ಳಬೇಕಾಗಿದ್ದರೆ ಆ ಹುಡುಗಿಯ ಹೆಸರನ್ನು ನಾವು ಕೇಳುತ್ತಲೇ ಇರಲಿಲ್ಲ.

ಇದಕ್ಕೆ ಎದುರಾಗಿ ಸಾತಾರಾದ ಅದಿತಿ ಸ್ವಾಮಿಯವರನ್ನು ತೋರಿಸುವವರಿದ್ದಾರೆ. 2023ರಲ್ಲಿ ಬರ್ಲಿನ್‌ನಲ್ಲಿ, ಹದಿನೇಳನೆಯ ವಯಸ್ಸಿಗೇ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲಿನ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದವರು. ಶಾಲಾ ಶಿಕ್ಷಕರಾದ ಅವರ ತಂದೆ ಸಲಕರಣೆಗಾಗಿ ಸಾಲ ಮಾಡಬೇಕಾಯಿತು. ನೋಡಿ, ದುಡ್ಡಿಲ್ಲದೆ ಆಗುವುದಿಲ್ಲ ಎನ್ನುತ್ತಾರೆ. ಈ ಉದಾಹರಣೆ ಹೇಳುವುದೇ ಬೇರೆ. ದುಡ್ಡಿನ ಹೊರೆ ಎದುರಾಗುವುದು ಮಗು ತನ್ನ ಶಕ್ತಿ ತೋರಿಸಿ, ದೇಶದ ಮಟ್ಟಕ್ಕೆ ಏರತೊಡಗಿದ ಮೇಲೆ. ಆ ಹಂತದಲ್ಲಿ ಖರ್ಚು ಹೊರಬೇಕಾದವರು ಸರ್ಕಾರ ಮತ್ತು ಕ್ರೀಡಾ ಸಂಘಗಳು. ಅವರು ಹೊರದ ಹೊರೆಯನ್ನು ಒಬ್ಬ ಮೇಷ್ಟರು ಹೊತ್ತರು. ನಾಚಿಕೆಪಡಬೇಕಾದ ಈ ಸಂಗತಿಯನ್ನೇ ಮುಂದಿಟ್ಟು ಇನ್ನಷ್ಟು ಮಕ್ಕಳನ್ನು ಮೊದಲ ಮೆಟ್ಟಿಲಿನಿಂದಲೇ ವಾಪಸು ಕಳಿಸುವುದು ಯಾವ ನ್ಯಾಯ? ಮೇಲಿನ ಮೆಟ್ಟಿಲು ಎತ್ತರದಲ್ಲಿದೆ ಎಂದು ಕೆಳಗಿನ ಮೆಟ್ಟಿಲನ್ನೇ ಕಿತ್ತುಹಾಕಬೇಕೇ?

ಕೆಳಗಿನ ಮೆಟ್ಟಿಲು ನಮ್ಮಲ್ಲಿ ಈಗಾಗಲೇ ಇದೆ ಎಂಬುದು ಇನ್ನೂ ಬೇಸರದ ಸಂಗತಿ. ರಾಷ್ಟ್ರೀಯ ಮಟ್ಟದಲ್ಲಿ ‘ಇಂಡಿಯನ್ ರೌಂಡ್’ ಎಂಬ ಸ್ಪರ್ಧೆ ನಡೆಯುತ್ತದೆ. ಬಿದಿರು, ಮರದಿಂದ ಮಾಡಿದ ದೇಶೀ ಬಿಲ್ಲುಬಾಣ, 50 ಮತ್ತು 30 ಮೀಟರ್ ದೂರ. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಈ ವಿಭಾಗವಿತ್ತು. ಇಂದು ರಿಕರ್ವ್ ಹಿಡಿದು ವಿದೇಶಕ್ಕೆ ಹೋಗುವವರಲ್ಲಿ ಅನೇಕರು ಇಲ್ಲಿಂದಲೇ ಹೊರಟವರು. ಆದರೂ ನಗರಗಳ ತರಬೇತಿ ಕೇಂದ್ರಗಳಲ್ಲಿ ಬಿದಿರಿನ ಬಿಲ್ಲಿಗೆ ಸಿಗುವ ಗೌರವ ಎಷ್ಟು? ಅದು ಹಳ್ಳಿಯವರದು, ಕಾಡಿನವರದು, ಅದರಲ್ಲಿ ಕಲಿತರೆ ಮುಂದೆ ಹೋಗಲಾಗದು ಎಂಬ ಧೋರಣೆ ಮನೆಮಾಡಿದೆ. ಈ ಧೋರಣೆಯನ್ನು ಭೂತಾನಿಗೆ ಹೋಗಿ ಹೇಳಿ ನೋಡಿ. ಅಲ್ಲಿ ಬಿಲ್ಲುಗಾರಿಕೆ ರಾಷ್ಟ್ರೀಯ ಕ್ರೀಡೆ. ಬಿದಿರಿನ ಬಿಲ್ಲು ಹಿಡಿದು ಸುಮಾರು 140 ಮೀಟರ್ ಆಚೆಯ ಸಣ್ಣ ಮರದ ಹಲಗೆಗೆ ಅಲ್ಲಿನ ಹಳ್ಳಿಯವರು ಬಾಣ ಹೊಡೆಯುತ್ತಾರೆ, ಒಲಿಂಪಿಕ್ಸ್ ದೂರದ ಇಮ್ಮಡಿಗೆ. ಕರ್ನಾಟಕದಲ್ಲಿ ಬಿದಿರಿಗೇನು ಬರವಿಲ್ಲ. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರಿಗೆ ಯಾವ ಬಿದಿರು ಬಾಗುತ್ತದೆ, ಯಾವುದು ಸಿಗಿಯುತ್ತದೆ, ಯಾವ ತಿಂಗಳಲ್ಲಿ ಕಡಿದರೆ ಹುಳು ಹಿಡಿಯುವುದಿಲ್ಲ ಎಂಬುದು ತಲೆಮಾರುಗಳಿಂದ ಗೊತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ತೆಗೆದುಹಾಕಿದೆ, ಜಮೀನಿನಲ್ಲಿ ಬೆಳೆದ ಬಿದಿರು ಕಡಿಯಲು ಈಗ ಆ ಕಾಯ್ದೆಯ ಹೆದರಿಕೆ ಇಲ್ಲ. ಪ್ಲಾಸ್ಟಿಕ್ ಬುಟ್ಟಿಯಿಂದ ಕಸುಬು ಕಳೆದುಕೊಳ್ಳುತ್ತಿರುವ ಈ ಕೈಗಳಿಗೆ ಶಾಲೆಗಳ ಬಿಲ್ಲು ಕಟ್ಟುವ ಕೆಲಸ ಕೊಡಬೇಕು ಎಂದು ನಮ್ಮ ಕ್ರೀಡಾ ಇಲಾಖೆಗೆ ಏಕೆ ಹೊಳೆಯುವುದಿಲ್ಲ? ಕ್ರೀಡಾಪಟುಗಳಿಗೆ ಏಕಲವ್ಯನ ಹೆಸರಿನಲ್ಲಿ ಪ್ರಶಸ್ತಿ ಕೊಡುವ ರಾಜ್ಯ ನಮ್ಮದು. ಆ ರಾಜ್ಯದ ಎಷ್ಟು ಸರ್ಕಾರಿ ಪ್ರೌಢಶಾಲೆಗಳ ಕ್ರೀಡಾ ಕೊಠಡಿಯಲ್ಲಿ ಒಂದಾದರೂ ಬಿಲ್ಲು ಇದೆ?

ಸಾದಾ ಬಿಲ್ಲಿನಲ್ಲಿ ಕಲಿತರೆ ಕೆಟ್ಟ ಅಭ್ಯಾಸ ಅಂಟುತ್ತದೆ, ಮುಂದೆ ಎಲ್ಲವನ್ನೂ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ ಎಂಬ ಆಕ್ಷೇಪವನ್ನು ಬಲ್ಲವರೇ ಎತ್ತುತ್ತಾರೆ, ಆದ್ದರಿಂದ ಉತ್ತರ ಕೊಡಬೇಕು. ಬಿಲ್ಲು ಬದಲಾದಾಗ ಗುರಿ ಹೊಂದಿಸುವ ರೀತಿ ಬದಲಾಗುತ್ತದೆ, ನಿಜ. ಆದರೆ ನಿಲುವು, ಬೆನ್ನಿನ ಸ್ನಾಯುವಿನಿಂದ ಎಳೆಯುವುದು, ಪ್ರತಿ ಸಲ ಮುಖದ ಅದೇ ಜಾಗಕ್ಕೆ ಹೆದೆ ತಂದು ನಿಲ್ಲಿಸುವುದು, ಬಾಣ ಹೋದ ಮೇಲೂ ಬಿಲ್ಲು ಹಿಡಿದ ಕೈ ಇಳಿಸದಿರುವುದು, ಇವು ಎಲ್ಲ ಬಿಲ್ಲಿಗೂ ಒಂದೇ. ಕೆಟ್ಟ ಅಭ್ಯಾಸ ಅಂಟಿಸುವುದು ಭಾರದ ಬಿಲ್ಲು ಮತ್ತು ಗಮನಿಸದ ಗುರು. ದಕ್ಷಿಣ ಕೊರಿಯಾದ ಮಹಿಳೆಯರು 1988ರಿಂದ 2024ರವರೆಗಿನ ಹತ್ತೂ ಒಲಿಂಪಿಕ್ಸ್‌ಗಳಲ್ಲಿ ತಂಡದ ಚಿನ್ನ ಗೆದ್ದಿದ್ದಾರೆ. ಪ್ಯಾರಿಸ್‌ನಲ್ಲಿ ಬಿಲ್ಲುಗಾರಿಕೆಯ ಐದೂ ಚಿನ್ನ ಆ ದೇಶದ್ದೇ. ಅಲ್ಲಿ ಪ್ರಾಥಮಿಕ ಶಾಲೆಯ ತಂಡದಲ್ಲೇ ಮಕ್ಕಳು ಶುರುಮಾಡುತ್ತಾರೆ. ಬಾಣ ಮುಟ್ಟುವ ಮೊದಲು ಬಹಳ ದಿನ ಬರಿಯ ನಿಲುವು, ರಬ್ಬರ್ ಪಟ್ಟಿಯ ಎಳೆತವನ್ನೇ ಅಭ್ಯಾಸ ಮಾಡಿಸುತ್ತಾರೆ. ಜಗತ್ತಿನ ಅತ್ಯುತ್ತಮರು ರಬ್ಬರ್ ಪಟ್ಟಿಯಿಂದ ಆರಂಭಿಸುವಾಗ ನಮ್ಮ ಮಕ್ಕಳು ಕಾರ್ಬನ್ ಲಿಂಬ್‌ನಿಂದಲೇ ಆರಂಭಿಸಬೇಕೆಂಬ ಹಟ ಎಲ್ಲಿಂದ ಬಂತು? ಆ ದೇಶದ ಸಂಘಕ್ಕೆ ಹ್ಯುಂಡೈ ಕಂಪನಿ 1985ರಿಂದ ಬೆನ್ನಿಗೆ ನಿಂತಿದೆ ಎಂದು ಯಾರಾದರೂ ನೆನಪಿಸಬಹುದು. ನೆನಪಿಸಲಿ. ದುಡ್ಡು ಎಲ್ಲಿಂದ ಬರಬೇಕು ಎಂಬುದಕ್ಕೆ ಅದೇ ಉತ್ತರ. ಅಲ್ಲಿ ದುಡ್ಡು ಸಂಸ್ಥೆಗಳಿಂದ ಬರುತ್ತದೆ, ಅಪ್ಪನ ಸಾಲದಿಂದಲ್ಲ.

ಇನ್ನೊಂದು ಆಕ್ಷೇಪ ಅಪಾಯದ್ದು. ಅಗ್ಗದ ಬಿಲ್ಲು ಶಾಲೆಗೆ ಬಂದರೆ ಕಣ್ಣು ಹೋದೀತು ಎನ್ನುವವರ ಆತಂಕ ಹುಸಿಯಲ್ಲ. ಹಗುರ ಬಾಣವೂ ಮೈಗೆ ನಾಟುತ್ತದೆ. ಆದರೆ ಬಿಲ್ಲುಗಾರಿಕೆಯ ಸುರಕ್ಷತೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ನೆಲದ ಮೇಲೆ ಒಂದು ಸುಣ್ಣದ ಗೆರೆ, ಗುರಿಯ ಹಿಂದೆ ಮಣ್ಣಿನ ದಿಬ್ಬ, ಮೇಷ್ಟರ ಕೊರಳಲ್ಲಿ ಒಂದು ಸೀಟಿ. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರು ಊದಿದ ಮೇಲೇ ಬಾಣ ಕೀಳಲು ಮುಂದೆ ಹೋಗಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಸಂಕೇತದ ಕ್ರಮ ಇದೇ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಟ್ಟರೆ ಲಿಂಬ್ ಸೀಳಿ ಮುಖಕ್ಕೆ ಹಾರಬಹುದು. ಬಿರುಕು ಬಿಟ್ಟ ಬಾಣವನ್ನು ಮತ್ತೆ ಹೂಡಬಾರದು. ಬಾಣ ಕೀಳುವಾಗ ಹಿಂದೆ ಯಾರೂ ನಿಂತಿರಬಾರದು. ಇವಕ್ಕೆ ಬೇಕಾದದ್ದು ಶಿಸ್ತು ಮತ್ತು ತರಬೇತಿ ಪಡೆದ ಒಬ್ಬ ಶಿಕ್ಷಕ. ಲಕ್ಷದ ಬಿಲ್ಲು ಶಿಸ್ತಿಲ್ಲದ ಕೈಯಲ್ಲಿದ್ದರೆ ಬಿದಿರಿನ ಬಿಲ್ಲಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ಬಾಣಕ್ಕೆ ವೇಗ ಹೆಚ್ಚು.

ಹಾಗಾದರೆ ಈ ಸುಳ್ಳು ಇಷ್ಟು ಗಟ್ಟಿಯಾಗಿ ಏಕೆ ಉಳಿದಿದೆ? ಇದನ್ನು ಹೇಳುವ ಎಲ್ಲರಿಗೂ ಇದು ಅನುಕೂಲ. ಮಾರುವವರಿಗೆ ದೊಡ್ಡ ಸೆಟ್ಟಿನಲ್ಲಿ ಲಾಭ. ಶುಲ್ಕದ ಮೇಲೆ ನಡೆಯುವ ಕೇಂದ್ರಗಳಿಗೆ ಸ್ವಂತ ಬಿಲ್ಲು ತರುವ ಮಗುವಿನಿಂದ ಬಂಡವಾಳದ ಚಿಂತೆ ತಪ್ಪುತ್ತದೆ. ಅಧಿಕಾರಿಗಳಿಗೆ ‘ದುಬಾರಿ ಆಟ’ ಎಂಬ ಕಾರಣ ಸಿಕ್ಕರೆ ಏನೂ ಮಾಡದೆ ಕುಳಿತುಕೊಳ್ಳಲು ಅಡ್ಡಿಯಿಲ್ಲ. ಸಂಘಗಳ ಮಾತಂತೂ ಬೇಡ. 2019ರಲ್ಲಿ ಒಳಜಗಳದ ದೆಸೆಯಿಂದ ವಿಶ್ವ ಬಿಲ್ಲುಗಾರಿಕೆ ಸಂಸ್ಥೆ ಭಾರತದ ಸಂಘವನ್ನೇ ಅಮಾನತಿನಲ್ಲಿಟ್ಟಿದ್ದರಿಂದ, ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಬಿಲ್ಲುಗಾರರು ತಮ್ಮ ದೇಶದ ಧ್ವಜವಿಲ್ಲದೆ ಆಡಬೇಕಾಯಿತು. ಕುರ್ಚಿಗಾಗಿ ಅಷ್ಟು ಬಡಿದಾಡಿದವರಿಗೆ ಹಳ್ಳಿಯ ಶಾಲೆಗೆ ಹತ್ತು ಬಿಲ್ಲು ಕಳಿಸುವ ಪುರುಸೊತ್ತು ಇರಲಿಲ್ಲ. 1988ರಿಂದ ಇಲ್ಲಿಯವರೆಗೆ ಒಲಿಂಪಿಕ್ಸ್ ಬಿಲ್ಲುಗಾರಿಕೆಯಲ್ಲಿ ಭಾರತಕ್ಕೆ ಒಂದೂ ಪದಕ ಬಂದಿಲ್ಲ. ಪ್ಯಾರಿಸ್‌ನಲ್ಲಿ ಮಿಶ್ರ ತಂಡ ನಾಲ್ಕನೆಯ ಸ್ಥಾನಕ್ಕೆ ನಿಂತಿತು. ತುದಿಯಲ್ಲಿರುವ ಬೆರಳೆಣಿಕೆಯ ಜನರಿಗೆ ಹಣ ಸುರಿದು, ಬುಡದಲ್ಲಿ ಸಾವಿರಾರು ಮಕ್ಕಳಿಗೆ ಬಿಲ್ಲು ಮುಟ್ಟುವ ಅವಕಾಶವೇ ಇಲ್ಲದಿದ್ದರೆ ಪದಕ ಎಲ್ಲಿಂದ ಬರಬೇಕು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ತಾಲ್ಲೂಕಿಗೊಂದು ಬಿಲ್ಲು ಭಂಡಾರ ಬೇಕು: ಹನ್ನೆರಡರಿಂದ ಇಪ್ಪತ್ತು ಪೌಂಡಿನ ಹತ್ತು ಹದಿನೈದು ಸಾದಾ ಬಿಲ್ಲು, ಬೇರೆ ಬೇರೆ ಉದ್ದದ ಬಾಣ, ಶಾಲೆಗಳಿಗೆ ಸರದಿಯ ಮೇಲೆ ಎರವಲು. ಸ್ಪರ್ಧೆಗೆ ಬೇಕಾದ ಒಂದೇ ಒಂದು ಸೆಟ್ಟಿನ ಹಣದಲ್ಲಿ ಇದಾಗುತ್ತದೆ. ದೈಹಿಕ ಶಿಕ್ಷಕರಿಗೆ ರಜೆಯಲ್ಲಿ ಬಿಲ್ಲಿನ ತರಬೇತಿ ಕೊಡಬೇಕು. ಬಿದಿರಿನ ಬಿಲ್ಲಿನ ಸ್ಪರ್ಧೆಯನ್ನು ಜಿಲ್ಲಾ ಶಾಲಾ ಕ್ರೀಡಾಕೂಟಗಳಲ್ಲಿ ಕಡ್ಡಾಯ ಮಾಡಬೇಕು. ತರಬೇತಿ ಕೇಂದ್ರಗಳು ಮೊದಲ ವರ್ಷ ಯಾವ ಮಗುವಿನಿಂದಲೂ ಸ್ವಂತ ಬಿಲ್ಲು ಕೇಳಬಾರದು; ಕೇಳುವ ಕೇಂದ್ರಕ್ಕೆ ಸಂಘ ಮಾನ್ಯತೆ ಕೊಡಬಾರದು. ತಂದೆತಾಯಂದಿರಿಗೆ ನನ್ನ ಬೇಡಿಕೆ ಇಷ್ಟೇ. ಮಗು ಬಿಲ್ಲು ಕೇಳಿದರೆ ಅಂಗಡಿಯ ದರಪಟ್ಟಿ ನೋಡಬೇಡಿ, ಸಾಲಕ್ಕೂ ಓಡಬೇಡಿ. ಹತ್ತಿರದ ಶಾಲೆಗೆ, ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ, ಕಲಿಯುವ ಮಕ್ಕಳಿಗೆ ಕೊಡಲು ನಿಮ್ಮಲ್ಲಿ ಎಷ್ಟು ಬಿಲ್ಲುಗಳಿವೆ ಎಂದು ಕೇಳಿ. ಇಲ್ಲ ಎಂದರೆ ಅದನ್ನು ಬರೆದು ಕೊಡಿ ಎನ್ನಿ. ಮುಂದಿನ ತಿಂಗಳು ಇನ್ನಿಬ್ಬರು ಪೋಷಕರನ್ನು ಕರೆದುಕೊಂಡು ಮತ್ತೆ ಹೋಗಿ.